ಸಹಿ ಇಲ್ಲದ ಡ್ರೈವರ್

ಸುಜಾತಕ್ಕ, ಹಳೇಬೀಡಿನ ನಿಮ್ಮ ಸೇವಾ ಕೇಂದ್ರ ಮುಚ್ಚಿದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ. ಮೂರು ವರ್ಷ ಈ ಮಾತನ್ನು ನುಂಗಿಕೊಂಡು, ಅರಸೀಕೆರೆಯ ಅಂಗಡಿಯಲ್ಲಿ ಕೂತು ಊರವರ ಕಂಪ್ಯೂಟರ್ ರಿಪೇರಿ ಮಾಡಿದ್ದೇನೆ. ನಾಚಿಕೆಗೆಟ್ಟವನು ಎನ್ನಿ — ಅದಕ್ಕಿಂತ ಕೆಟ್ಟ ಪದ ಗೊತ್ತಿದ್ದರೆ ಅದನ್ನೇ ಅನ್ನಿ.

ಆ ಸಂಜೆ ನೆನಪಿದೆಯೇ? ನಿಮ್ಮ ಹಳೆಯ ಬೆರಳಚ್ಚು ಯಂತ್ರ ಹೊಸ ಕಂಪ್ಯೂಟರಿಗೆ ಒಗ್ಗುತ್ತಿರಲಿಲ್ಲ. ಬೆಳಗಾದರೆ ಪಿಂಚಣಿಯ ಅಜ್ಜ ಅಜ್ಜಿಯರು ಹೆಬ್ಬೆಟ್ಟು ಒತ್ತಲು ಬರುವವರಿದ್ದರು. ಯಂತ್ರದ ಮಾತು ಕಂಪ್ಯೂಟರಿಗೆ ತಿಳಿಯಬೇಕಾದರೆ ನಡುವೆ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಬೇಕು. ಅದರಲ್ಲಿ ತಯಾರಿಸಿದವರ ಡಿಜಿಟಲ್ ಸಹಿ ಇರಬೇಕು. ಸಹಿ ಇಲ್ಲದ್ದನ್ನು ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನ್ನ ಬಳಿ ಇದ್ದದ್ದು ಯಾವುದೋ ಜಾಲತಾಣದಿಂದ ಇಳಿಸಿಕೊಂಡದ್ದು. ಕಂಪ್ಯೂಟರ್ ಮೂರು ಸಲ ಬೇಡ ಎಂದಿತು.

ಹೊತ್ತು ಮುಳುಗಿತು. ಆಮೇಲೆ ಉಣ್ಣುವ ಪದ್ಧತಿ ಜೈನರಾದ ನಿಮ್ಮಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ನೀವು ಊಟ ಬಿಟ್ಟು, ನನಗೆ ಮಾತ್ರ ಕಾಫಿ ತಂದುಕೊಟ್ಟು, ಹಸಿದುಕೊಂಡೇ ಕೂತಿರಿ. ನನಗೋ ಕೊನೆಯ ಬಸ್ಸಿನ ಚಿಂತೆ. ಸಹಿ ಪರೀಕ್ಷಿಸುವ ವ್ಯವಸ್ಥೆಯನ್ನೇ ಆಫ್ ಮಾಡಿಬಿಟ್ಟೆ. ಪರದೆಯ ಮೂಲೆಯಲ್ಲಿ ಎಚ್ಚರಿಕೆಯ ಎರಡು ಪದ ಬಂದು ನಿಂತವು.

"ಮಂಜು, ಅದೇನಪ್ಪಾ ಮೂಲೇಲಿ ಬರೆದೈತೆ?" ಎಂದಿರಿ.

"ಏನಿಲ್ಲ ಬಿಡಿ ಅಕ್ಕ, ಕಂಪನಿ ಗುರುತು. ನೀವ್ಯಾಕೆ ತಲೆ ಕೆಡಿಸ್ಕೋತೀರಿ."

ನಾಲ್ಕು ತಿಂಗಳ ಮೇಲೆ, ನಿಮ್ಮಲ್ಲಿ ಹೆಬ್ಬೆಟ್ಟು ಒತ್ತಿದ್ದ ಮೂವರ ಹೆಸರಿನಲ್ಲಿ ದೂರದ ಯಾವುದೋ ಊರಲ್ಲಿ ಯಾರೋ ಸಿಮ್ ಕಾರ್ಡ್ ಪಡೆದಿದ್ದಾರೆಂದು ಗೊತ್ತಾಯಿತು. ಮೂವರಲ್ಲಿ ಒಬ್ಬರು ಬೇಲೂರಿನಾಚೆ ಕಾಲಿಡದ ಬಸ್ತಿಹಳ್ಳಿಯ ಅಜ್ಜಿ. ಸುದ್ದಿ ಕೇಳಿದೊಡನೆ ನನಗೆ ಆ ಡ್ರೈವರ್ ನೆನಪಾಯಿತು — ಆದರೂ ಎರಡು ದಿನ ನಿಮ್ಮನ್ನೇ ಅನುಮಾನಿಸಿದೆ. ಇಲ್ಲ, ಸುಳ್ಳು. ಅನುಮಾನಿಸಲು ಪ್ರಯತ್ನಪಟ್ಟೆ. ಈಕೆಯೇ ಬೆರಳಚ್ಚುಗಳನ್ನು ಯಾರಿಗೋ ಕೊಟ್ಟಿರಬಾರದೇಕೆ, ಇಷ್ಟು ಒಳ್ಳೆಯತನ ಸುಮ್ಮನೆ ಬರುತ್ತದೆಯೇ... ಹೀಗೆಲ್ಲ.

ತನಿಖೆಯವರು ಬರುವ ಹಿಂದಿನ ದಿನ ನೀವೇ ನನ್ನನ್ನು ಕರೆಸಿದಿರಿ. ಯಂತ್ರದಲ್ಲೇ ಏನಾದರೂ ಇದೆಯೋ ನೋಡು ಎಂದಿರಿ. ನೋಡಿದೆ. ಡ್ರೈವರ್ ಜೊತೆ ಇನ್ನೊಂದು ಫೈಲು ಒಳಹೊಕ್ಕು, ಒತ್ತಿದ ಪ್ರತಿ ಬೆರಳಚ್ಚಿನ ಪ್ರತಿಯನ್ನೂ ಎಲ್ಲಿಗೋ ಕಳಿಸುತ್ತಿತ್ತು. ನಿಮಗೆ ಹೇಳಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ಹೇಳಿ ಬೇರೆ ಹಾಕಿ, ಹಳೆಯದನ್ನು ಚೀಲಕ್ಕೆ ಸೇರಿಸಿದೆ.

ಮರುದಿನ ನಾನೂ ಅಲ್ಲಿದ್ದಾಗ ತನಿಖೆಯವರು, ಡಿಸ್ಕ್ ಬದಲಾಯಿಸಿದ್ದು ಯಾಕೆ ಎಂದು ಕೇಳಿದರು. ನೀವು ನನ್ನ ಕಡೆ ನೋಡಿದಿರಿ. ನಾನು ವೈರು ಸುತ್ತುತ್ತಾ ಹೇಳಿದೆ — "ಅಕ್ಕನೇ ಬದಲಾಯಿಸು ಅಂದ್ರು ಸಾರ್."

ನೀವು ಒಂದು ಮಾತೂ ಆಡಲಿಲ್ಲ. ಅದೇ ಅವರಿಗೆ ನಿಮ್ಮ ಮೇಲೆ ಅನುಮಾನಪಡಲು ಇನ್ನೊಂದು ಕಾರಣವಾಯಿತು.

ಏನೂ ಸಾಬೀತಾಗಲಿಲ್ಲ, ಕೇಂದ್ರ ಮಾತ್ರ ಹೋಯಿತು. ಕಳೆದ ವಾರ ನಾನಿದ್ದ ಬೇಲೂರಿನ ಬಸ್ಸನ್ನು ನೀವು ಹತ್ತಿ ಆ ಅಜ್ಜಿಯ ಪಕ್ಕ ಕೂತಿರಿ. ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಎದ್ದು ಬೇರೆ ಸೀಟಿಗೆ ಹೋದರು. ನೀವು ಹಿಂದೆ ತಿರುಗಿ, ನನ್ನನ್ನು ಕಂಡು, "ಚೆನ್ನಾಗಿದ್ದೀಯೇನಪ್ಪಾ?" ಎಂದಿರಿ. ಆ ಪ್ರಶ್ನೆಯ ಮೇಲೂ ನನಗೆ ಅನುಮಾನ — ನಿಮಗೆಲ್ಲ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಕೇಳಿದಿರೇ?

ಆ ಡಿಸ್ಕ್ ಎಸೆದಿಲ್ಲ. ಅಂಗಡಿಯ ಅಟ್ಟದ ಮೇಲೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಿಮ್ಮ ಮನೆಗೆ ತರುತ್ತೇನೆ. ನಾನು ಹೇಳಿದೆನೆಂದು ಏನನ್ನೂ ನಂಬಬೇಡಿ; ಅದನ್ನು ಮತ್ತೆ ನನ್ನ ಕೈಗೂ ಕೊಡಬೇಡಿ. ತಿಳಿದ ಬೇರೆಯವರಿಂದ ತೆಗೆಸಿ ನೋಡಿ, ತನಿಖೆಯವರಿಗೆ ಒಪ್ಪಿಸಿ. ಕರೆದಲ್ಲಿಗೆ ಬಂದು ನಿಲ್ಲುತ್ತೇನೆ.

ಅವರು ಕರೆಯುವುದಕ್ಕೂ ಮೊದಲು, ನಿಮ್ಮ ಮನೆಯಿಂದ ನೇರ ಬಸ್ತಿಹಳ್ಳಿಗೆ ಹೋಗುತ್ತೇನೆ. ಕಳ್ಳನಿಗೆ ಬಾಗಿಲು ತೆಗೆದದ್ದು ಅಕ್ಕ ಅಲ್ಲ, ನಾನು — ಎಂದು ಆ ಅಜ್ಜಿಗೆ ಹೇಳಬೇಕು.