ಕೂದಲಿಗೆ ಪಾತ್ರೆ ಕೊಡುವ ಗೌರಕ್ಕ ಮಾತ್ರೆ ಬದಲಿಸಿಕೊಂಡದ್ದು

ಮಧುಗಿರಿಯಿಂದ ಕೊರಟಗೆರೆವರೆಗಿನ ಹಳ್ಳಿಗಳಲ್ಲಿ ಗೌರಕ್ಕನ ಕೂಗು ಕೇಳದ ಹೆಂಗಸರಿಲ್ಲ. ‘ಕೂದ್ಲಿಗೆ ಪಾತ್ರೇ...’ ಎನ್ನುತ್ತ ಅವಳು ಬೀದಿಗೆ ಕಾಲಿಟ್ಟರೆ, ಬಾಚುವಾಗ ಉದುರಿದ್ದನ್ನು ಉಂಡೆ ಸುತ್ತಿ ಗೋಡೆ ಸಂದಿಯಲ್ಲಿ ಸಿಕ್ಕಿಸಿಟ್ಟವರೆಲ್ಲ ಹೊರಗೆ ಬರುತ್ತಾರೆ. ಗೌರಕ್ಕ ತೂಗಿ ನೋಡಿ ಲೋಟವೋ ತಟ್ಟೆಯೋ ಕೊಡುತ್ತಾಳೆ. ಆ ಕೂದಲು ವಿಗ್ ಮಾಡುವವರಿಗೆ ಹೋಗುತ್ತದೆ. ಬರಗೂರಿನಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಮಧುಗಿರಿಗೆ ಸೊಸೆಯಾಗಿ ಬಂದವಳು ಅವಳು. ಗಂಡ ತೀರಿಕೊಂಡ ಮೇಲೆ ಇದೇ ಕಸುಬಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಮುಟ್ಟಿಸಿದಳು. ಅವಳ ಜಡೆಯೇ ಸೊಂಟ ದಾಟಿ ಇಳಿಯುತ್ತಿತ್ತು.

ಕಳೆದ ವರ್ಷ ಸಂಕ್ರಾಂತಿ ಆಸುಪಾಸಿನಲ್ಲಿ ತಲೆಸುತ್ತು ಬಂತು. ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಬಿಂದುಶ್ರೀ ಬಿ.ಪಿ. ನೋಡಿ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ತಲೆಸುತ್ತು ನಿಂತಿತು. ಆದರೆ ಮೂರು ತಿಂಗಳು ತುಂಬುವಷ್ಟರಲ್ಲಿ, ತಲೆಗೆ ನೀರು ಹಾಕಿಕೊಂಡರೆ ಕೈ ತುಂಬ ಕೂದಲು. ಹೋಗಿ ಹೇಳಿದಳು.

“ಐವತ್ತು ದಾಟಿತಲ್ಲಮ್ಮ, ಇದೆಲ್ಲ ಸಹಜ. ಸೊಪ್ಪು ತಿನ್ನಿ,” ಎಂದರು ಡಾಕ್ಟರು.

ಸೊಪ್ಪು ತಿಂದಳು. ಕೊಬ್ಬರಿ ಎಣ್ಣೆಗೆ ಮೆಂತ್ಯ ಹಾಕಿ ಕಾಯಿಸಿ ಹಚ್ಚಿದಳು. ಜಡೆ ಇಲಿಬಾಲವಾಯಿತು. “ಕೂದ್ಲಕ್ಕನ ತಲೇಲೇ ಕೂದ್ಲಿಲ್ವಲ್ಲೇ!” ಎಂದು ಯಾರೋ ಕಿಸಕ್ಕನೆ ನಕ್ಕದ್ದು ಕಿವಿಗೆ ಬಿದ್ದ ದಿನದಿಂದ ಅವಳ ಕೂಗು ಸಣ್ಣದಾಯಿತು. ಅನುಮಾನವೆಲ್ಲ ಮಾತ್ರೆಯ ಮೇಲೇ ಇತ್ತು. ಆದರೂ ಬಿಡಲಿಲ್ಲ. ಅವಳ ಅಣ್ಣ ಬೋರಪ್ಪ ಬಿ.ಪಿ. ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಂಡಿದ್ದನ್ನು ಕಣ್ಣಾರೆ ಕಂಡವಳು.

ಆಷಾಢದಲ್ಲಿ ಒಂದು ಬೆಳಿಗ್ಗೆ ಸಿದ್ದರಬೆಟ್ಟದ ಕೆಳಗಿನ ಹಳ್ಳಿಗೆ ಹೋದಳು. ಅಲ್ಲಿನ ಮಹಾಲಕ್ಷ್ಮಮ್ಮ ನಿವೃತ್ತ ಅಂಗನವಾಡಿ ಟೀಚರು; ವರ್ಷಕ್ಕೊಮ್ಮೆ ನಿಂಬೆಹಣ್ಣಿನಷ್ಟು ಉಂಡೆ ಕೊಡುತ್ತಿದ್ದವರು. ಅವತ್ತು ಒಂದು ಕವರ್ ತುಂಬ ತಂದಿಟ್ಟರು. ಗೌರಕ್ಕ ನಾಲ್ಕು ಎಳೆ ಎಳೆದು ಬಿಸಿಲಿಗೆ ಹಿಡಿದಳು. ತುಂಡಾದ ಕೂದಲಲ್ಲ; ಒಂದೊಂದರ ಬುಡದಲ್ಲೂ ಸಾಸಿವೆಗಿಂತ ಸಣ್ಣ ಬಿಳಿ ಗಂಟು. ಅವಳದ್ದೂ ಹಾಗೆಯೇ ಬರುತ್ತಿತ್ತು.

“ಟೀಚರಮ್ಮ, ಯಾವ ಮಾತ್ರೆ ನುಂಗ್ತಿದೀರ?”

“ನಿಂಗೆಂಗೆ ಗೊತ್ತಾಯ್ತು?” ಮಹಾಲಕ್ಷ್ಮಮ್ಮ ಬೆರಗಾಗಿ ಒಳಗಿನಿಂದ ಸ್ಟ್ರಿಪ್ ತಂದರು. ಹೆಸರೂ ಅದೇ, ಬಣ್ಣವೂ ಅದೇ. “ಬಿ.ಪಿ.ದು. ಮಧುಗಿರಿ ಡಾಕ್ಟರಮ್ಮ ಬರೆದಿದ್ದು. ಮೂರು ತಿಂಗ್ಳಿಗೇ ಉದುರಾಕೆ ಶುರುವಾಯ್ತು. ತಲೆ ಬೋಳಾಯ್ತದೆ ಅಂತ ನಾಲ್ಕು ದಿನದಿಂದ ನಿಲ್ಲಿಸ್ಬುಟ್ಟಿದೀನಿ ಕಣೇ. ಯಾರಿಗೂ ಹೇಳಿಲ್ಲ. ಎದೆ ಒಂದೇ ಸಮನೆ ಡವಡವ ಅಂತದೆ.”

“ಅಯ್ಯೋ, ಏಳಿ ಮೊದ್ಲು! ಪಾತ್ರೆ ಆಮ್ಯಾಕೆ ನೋಡಾನ.”

ಬುಟ್ಟಿಯನ್ನು ಅವರ ಜಗುಲಿಯಲ್ಲೇ ಬಿಟ್ಟು, ಕೂದಲಿನ ಕವರ್ ಮಾತ್ರ ಕಂಕುಳಲ್ಲಿಟ್ಟುಕೊಂಡು, ಟೀಚರನ್ನು ಮಧುಗಿರಿ ಬಸ್ಸು ಹತ್ತಿಸಿದಳು. ಕ್ಲಿನಿಕ್ಕಿನಲ್ಲಿ ಮಹಾಲಕ್ಷ್ಮಮ್ಮನ ಬಿ.ಪಿ. ನೂರ ತೊಂಬತ್ತು. ಡಾಕ್ಟರು ತಕ್ಷಣ ಮಲಗಿಸಿ ಚಿಕಿತ್ಸೆ ಕೊಟ್ಟು, ಸಂಜೆಗೆ ಸ್ವಲ್ಪ ಇಳಿದ ಮೇಲೆ ಗದರಿದರು: “ಈ ಮಾತ್ರೆ ದಿಢೀರಂತ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ.”

ಗೌರಕ್ಕ ಕವರನ್ನು ಅವರ ಮೇಜಿನ ಮೇಲಿಟ್ಟಳು.

“ಅಮ್ಮಾ, ನಾನು ಓದಿದೋಳಲ್ಲ. ಆದ್ರೆ ಇಪ್ಪತ್ತೆರಡು ವರ್ಷದಿಂದ ಊರೋರ ಕೂದ್ಲು ಕೈಯಾಗೆ ಹಿಡಿದಿವ್ನಿ. ವಯಸ್ಸಿಗಾದ್ರೆ ವರ್ಷಾನುಗಟ್ಲೆ ಸ್ವಲ್ಪಸ್ವಲ್ಪವೇ ಉದುರ್ತದೆ. ಇದು ಬುಡಸಮೇತ, ಒಂದೇ ಸಲಕ್ಕೆ ಬಂದೈತೆ. ಇಬ್ರುದೂ ಒಂದೇ ಮಾತ್ರೆ. ಇಬ್ರಿಗೂ ಮೂರು ತಿಂಗಳಿಗೇ ಶುರುವಾಗೈತೆ.”

ಬಿಂದುಶ್ರೀ ಒಂದು ಎಳೆ ತೆಗೆದು ದೀಪದ ಹತ್ತಿರ ಹಿಡಿದರು.

“ನೀವು ಹೇಳಿದ್ದು ಸರಿ ಗೌರಕ್ಕ. ಕೆಲವರಿಗೆ ಅಪರೂಪಕ್ಕೆ ಹೀಗಾಗುತ್ತೆ. ಅವತ್ತೇ ನಾನು ಸರಿಯಾಗಿ ಕೇಳಬೇಕಿತ್ತು, ತಪ್ಪಾಯ್ತು. ರಕ್ತ ಪರೀಕ್ಷೆ ಮಾಡಿಸೋಣ. ಅದರಲ್ಲಿ ಬೇರೇನೂ ಕಾಣದಿದ್ರೆ ಇದನ್ನ ಮೆಲ್ಲಗೆ ಇಳಿಸಿ ಬೇರೆ ಮಾತ್ರೆ ಕೊಡ್ತೀನಿ.”

ಇಬ್ಬರ ಪರೀಕ್ಷೆಯಲ್ಲೂ ಬೇರೇನೂ ಕಾಣಲಿಲ್ಲ. ಇಬ್ಬರ ಮಾತ್ರೆಯೂ ಬದಲಾಯಿತು. ಗಣೇಶನ ಹಬ್ಬ ಕಳೆದ ಮೇಲೆ ಉದುರುವುದು ಕಡಿಮೆಯಾಯಿತು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಬೆರಳಿಗೆ ಏನೋ ಚುಚ್ಚಿದಂತಾಗಿ ಗೌರಕ್ಕ ಕನ್ನಡಿ ಹಿಡಿದು ನೋಡಿದಳು. ಹಣೆಯಂಚಿನ ಉದ್ದಕ್ಕೂ ಹೊಸ ಕೂದಲು, ರಾಗಿ ಪೈರಿನಂತೆ ನೆಟ್ಟಗೆ ನಿಂತಿತ್ತು. ಒದ್ದೆ ಮೈಯಲ್ಲೇ ಟೀಚರಿಗೆ ಫೋನು ಮಾಡಿದಳು. “ನಂಗೂ ಬಂದೈತೆ ಕಣೇ!” ಎಂದು ಅವರು ಆ ಕಡೆಯಿಂದ ಕೂಗಿದರು.

ಈ ಸಂಕ್ರಾಂತಿಯ ಮುಂಚೆ ಬಿ.ಪಿ. ರೋಗಿಗಳ ಸಭೆ ಕರೆದ ಡಾಕ್ಟರು ಗೌರಕ್ಕನನ್ನು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅವಳು ಎದ್ದು ನಿಂತು, ಮೈಕು ಬೇಡವೆಂದು, ಬೀದಿಯಲ್ಲಿ ಕೂಗುವ ಗಂಟಲಿನಲ್ಲೇ ಹೇಳಿದಳು: “ಮಾತ್ರೆ ಬುಡಬ್ಯಾಡಿ ಕಣ್ರವ್ವಾ, ಬಾಯಿ ಬುಡಿ! ಏನಾಯ್ತದೋ ಡಾಕ್ಟರಿಗೆ ಹೇಳಿ.”

ಒಬ್ಬೊಬ್ಬರಾಗಿ ಮೂವರು ಹೆಂಗಸರು ಎದ್ದು, ತಲೆಯ ಸೆರಗು ಸರಿಸಿ ತೆಳುವಾದ ಕೂದಲು ತೋರಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡಹನುಮಯ್ಯ ಎಂಬ ಮುದುಕರೂ ತಲೆಯ ಟವೆಲ್ ತೆಗೆದು ಬೋಳುತಲೆ ತೋರಿಸಿದರು.

“ನಂದೂ ಬದಲಾಯ್ಸಿ ತಾಯಿ.”

“ನಿಮ್ದು ಮಾತ್ರೆ ಶುರು ಮಾಡೋ ಮುಂಚೇನೇ ಹೋಗಿತ್ತಲ್ಲ ಯಜಮಾನ್ರೆ!” ಎಂದರು ಬಿಂದುಶ್ರೀ. ಸಭೆಯೆಲ್ಲ ನಗುವಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ದೊಡ್ಡಹನುಮಯ್ಯನೇ.