ಅಂಬಮ್ಮನ ಹರಿದ ರೊಟ್ಟಿ

ತುರ್ವಿಹಾಳದ ಗರಡಿಯಲ್ಲಿ ನಮ್ಮನ್ನು ತಯಾರು ಮಾಡಿದವರು ಯಾರೆಂದು ಕೇಳಿದರೆ ಎಲ್ಲರೂ ವಸ್ತಾದ ಕರಿಬಸಯ್ಯನವರ ಹೆಸರು ಹೇಳುತ್ತಾರೆ. ಹೇಳಲಿ ಬಿಡಿ. ಆ ಗರಡಿಯ ಮಣ್ಣು ತಿಂದವನು ನಾನು, ನನಗೆ ಗೊತ್ತು. ನಮ್ಮ ತೊಡೆ ಗಟ್ಟಿ ಮಾಡಿದ್ದು ಅವರ ಹೆಂಡತಿ ಅಂಬಮ್ಮ. ಅದೂ ಒಲೆಯ ಮುಂದಿನಿಂದ ಏಳದೆ.

ದಂಡ, ಬೈಠಕ್ ಎಲ್ಲ ಗರಡಿಗಳಲ್ಲೂ ಇದ್ದವು. ನಮ್ಮಲ್ಲಿ ಅವುಗಳ ಜೊತೆಗೆ ನಿಲ್ಲುವ ಪಾಠವೂ ಇತ್ತು. ಇಲ್ಲದ ಕುರ್ಚಿಯ ಮೇಲೆ ಕೂತಂತೆ ತೊಡೆ ಬಗ್ಗಿಸಿ ಅಲುಗಾಡದೆ ನಿಲ್ಲಬೇಕು. ಆಮೇಲೆ ಕಮಾನು: ತಲೆ ಮತ್ತು ಅಂಗಾಲು ಮಾತ್ರ ನೆಲಕ್ಕೆ, ಬೆನ್ನು ಮೇಲಕ್ಕೆ. ವಸ್ತಾದರ ಬಳಿ ಗಡಿಯಾರವಿರಲಿಲ್ಲ, ನಮಗೇ ಎಣಿಸಲು ಬಿಟ್ಟರೆ ಅಂಕಿ ನುಂಗುತ್ತಿದ್ದೆವು. ಅದಕ್ಕೇ ಅವರು ಒಂದು ರೊಟ್ಟಿಯ ಹೊತ್ತು ಎಂದು ಗೊತ್ತು ಮಾಡಿದ್ದರು. ಗೋಡೆಯಾಚೆ ಅಂಬಮ್ಮ ಜೋಳದ ರೊಟ್ಟಿ ತಟ್ಟಲು ಶುರು ಮಾಡಿದಾಗ ನಾವು ನಿಲ್ಲಬೇಕು, ಅದು ಹಂಚಿನ ಮೇಲೆ ಉಬ್ಬಿದಾಗ ಆಕೆ ಕಿಟಕಿಯಿಂದ "ಆತು" ಎನ್ನಬೇಕು. ನಮ್ಮನ್ನು ನಿಲ್ಲಿಸಿ ವಸ್ತಾದರು ಲಿಂಗಪೂಜೆಗೆ ಹೋಗುತ್ತಿದ್ದರು.

ಒಂದು ವರ್ಷ ಲಿಂಗಸುಗೂರಿನ ಕುಸ್ತಿಯಲ್ಲಿ ನಮ್ಮ ತಾಯಪ್ಪ ಎದುರಾಳಿ ಅಮೀನ್‌ಸಾಬನ ಕೆಳಗೆ ಸಿಕ್ಕಿ ಕಮಾನು ಹಿಡಿದ. ಮೇಲಿದ್ದವನ ಹಿಡಿತ ಇನ್ನೇನು ಸಡಿಲಾಗಬೇಕು ಎನ್ನುವಷ್ಟರಲ್ಲಿ ಇವನ ಭುಜ ನೆಲ ಮುಟ್ಟಿತು, ಸೋತ. ಊರಿಗೆ ಬಂದವನು ಅಂಬಮ್ಮನ ಒಲೆಯ ಮುಂದೆ ಕೂತು ಅತ್ತ.

"ಇನ್ನೊಂದೀಟು ತಡದಿದ್ರ ಗೆಲ್ತಿದ್ನಬೇ ಯವ್ವಾ."

ಆಕೆ ಅವನಿಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟಳು.

ಮರುದಿನದಿಂದ ನಮ್ಮ ಗ್ರಹಚಾರ ಕೆಟ್ಟಿತು. ತೊಡೆ ಗಡಗಡ ನಡುಗುತ್ತಿದ್ದರೂ ಕಿಟಕಿಯಿಂದ ಮಾತಿಲ್ಲ. "ಯವ್ವಾ, ಸತ್ವಿ, ಆತೇನು?" ಎಂದರೆ, "ರೊಟ್ಟಿ ಹರೀತಪ್ಪ, ಮತ್ತ ತಟ್ಟಾಕತ್ತೀನಿ, ತಡೀರಿ" ಎನ್ನುತ್ತಿದ್ದಳು. ದಿನಾ ಅದೇ ಮಾತು. ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಸುತ್ತಲ ಊರುಗಳಲ್ಲೇ ಆಕೆಯಷ್ಟು ಚೆನ್ನಾಗಿ ರೊಟ್ಟಿ ತಟ್ಟುವವರಿರಲಿಲ್ಲ, ಆದರೂ ರೊಟ್ಟಿ ಹರಿಯಿತೆಂದರೆ ನಾವು ನಂಬಿದೆವು. ಕುಸ್ತಿ ಆಡುವವರ ಬುದ್ಧಿಯೇ ಅಷ್ಟು.

ಅಷ್ಟರಲ್ಲಿ ಗರಡಿಗೇ ಕುತ್ತು ಬಂತು. ಆ ಜಾಗ ಅಂಗಡಿ ಶಿವಶರಣಪ್ಪನದು.

"ಕಾಲುವಿ ನೀರು ಬರಾಕತ್ತೈತ್ರಿ, ವಸ್ತಾದ," ಎಂದ ಆತ. "ಭತ್ತದ ಚೀಲ ಇಡಾಕ ಜಾಗ ಬೇಕು. ಮಸ್ಕಿ ಕುಸ್ತ್ಯಾಗ ಗೆದ್ದು ಬರ್ರಿ, ಗರಡಿ ಇರ್ಲಿ. ಸೋತ್ರ ಕೀಲಿಕೈ ನಂಗ ಕೊಟ್ಟುಬಿಡ್ರಿ."

ಮಸ್ಕಿಯಲ್ಲಿ ತಾಯಪ್ಪನ ಎದುರು ನಿಂತವನು ಮತ್ತೆ ಅದೇ ಅಮೀನ್‌ಸಾಬ್. ಅಂಬಮ್ಮ ಜನರ ಹಿಂದೆ ನಮ್ಮ ಗಾಡಿಯ ಮೇಲೆ ನಿಂತಿದ್ದಳು, ವಸ್ತಾದರು ಮತ್ತು ನಾನು ಗಾಲಿಯ ಪಕ್ಕದಲ್ಲಿ. ಸ್ವಲ್ಪ ಹೊತ್ತಿಗೇ ತಾಯಪ್ಪ ಕೆಳಗೆ ಬಿದ್ದು ಕಮಾನು ಹಿಡಿದ. ಅಮೀನ್‌ಸಾಬ್ ಮೈಭಾರವನ್ನೆಲ್ಲ ಅವನ ಎದೆಯ ಮೇಲೆ ಹಾಕಿದ. ನಾನು ಗಾಡಿಯ ಗಾಲಿ ಹಿಡಿದುಕೊಂಡೆ.

"ಮುಗೀತು," ಎಂದು ವಸ್ತಾದರು ಮುಖ ತಿರುಗಿಸಿದರು. "ಒಂದು ರೊಟ್ಟಿ ಹೊತ್ತು ಆತು. ಇನ್ನ ತಡಿಯಂಗಿಲ್ಲ ಅವ. ಗರಡಿ ಹೋತು."

"ಅಲ್ಲಿ ನೋಡ್ರಿ," ಎಂದಳು ಅಂಬಮ್ಮ. "ಅವ ಮೂರು ರೊಟ್ಟಿ ತಡಿತಾನ."

"ಒಂದಂತ ಹೇಳಿದ್ನಲ್ಲ ನಾನು?"

"ನೀವು ಹೇಳಿದ್ರಿ. ಹಂಚು ನನ್ನ ಮುಂದಿತ್ತು."

ಗಾಡಿಯ ಹಲಗೆಯ ಮೇಲೆ ಆಕೆಯ ಅಂಗೈ ರೊಟ್ಟಿ ತಟ್ಟುವ ಹಾಗೆ ಮೆಲ್ಲಗೆ ಬೀಳತೊಡಗಿತು. ತಾಯಪ್ಪನ ಬೆನ್ನು ಇಳಿಯಲಿಲ್ಲ. ಕುತ್ತಿಗೆಯ ನರ ಉಬ್ಬಿದವು, ಕಾಲು ನಡುಗಿದವು, ಬೆನ್ನು ಮಾತ್ರ ಇದ್ದಲ್ಲೇ ಇತ್ತು. ಕಡೆಗೆ ನಡುಗಿದ್ದು ಅಮೀನ್‌ಸಾಬನ ತೋಳು. ಅದು ಸಡಿಲಾದದ್ದೇ ತಡ, ತಾಯಪ್ಪ ಹೊರಳಿ ಅವನನ್ನು ಚಿತ್ ಮಾಡಿ ಎದೆಯ ಮೇಲೆ ಕೂತ. ನಾನು ನಾಚಿಕೆ ಬಿಟ್ಟು ಅತ್ತೆ.

ಮರುದಿನ ಬೆಳಿಗ್ಗೆ ವಸ್ತಾದರು ಗರಡಿಯ ಬಾಗಿಲು ತೆಗೆದು, ಕೀಲಿಕೈಯನ್ನು ಕಿಟಕಿಯೊಳಗೆ ಹೆಂಡತಿಯ ಕೈಗೆ ಕೊಟ್ಟರು.

"ಇವತ್ತು ಎಷ್ಟು ರೊಟ್ಟಿ ನಿಲ್ಲಿಸ್ತಿ?" ಎಂದು ಮೆಲ್ಲಗೆ ಕೇಳಿದರು.

"ಒಂದ ರೀ. ನೀವು ಪೂಜಿ ಮಾಡ್ಹೋಗ್ರಿ."

ನಾವು ತೊಡೆ ಬಗ್ಗಿಸಿ ನಿಂತೆವು. ಒಳಗೆ ತಟ್ಟುವ ಸದ್ದು ಶುರುವಾಯಿತು. ಆ ರೊಟ್ಟಿಯೂ ಹರಿಯಿತು.