ತುದಿ ಕೊಯ್ದ ಗಾಳದ ಕೋಲು

ಕನ್ನೊಳ್ಳಿಯ ಅಕ್ಕನ ಮನೆಗೆ ಹೋದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಕ್ಕನ ಮೇಲಲ್ಲ, ಪಾಪ. ಅವಳ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿ ಒಂದು ಬಿದಿರಿನ ಗಳ ನಿಂತಿದೆ. ಮೊನ್ನೆಯೂ ಅದರ ಪಕ್ಕ ಹಸಿ ಸೀರೆ ಜೋತಾಡುತ್ತಿತ್ತು. ನೋಡಿದ್ದೇ ತಡ, ಪಿತ್ತ ನೆತ್ತಿಗೇರಿತು. ಅದು ನನ್ನ ಗಾಳದ ಕೋಲು!

ನಗಬೇಡಿ. ಮುದ್ದೇಬಿಹಾಳದ ಕಡೆಯ ನಮ್ಮೂರಿನ ಹೊಲಗಳಿಗೆ ಅಣೆಕಟ್ಟಿನ ಹಿನ್ನೀರು ಬಂದ ಹೊಸತು. ಮುಳುಗಿದ ಜಾಲಿಮರಗಳ ನಡುವೆ ಆಳೆತ್ತರದ ಜೇಕು ಹುಲ್ಲು, ಅದರೊಳಗೆ ಮರಲ್ ಮೀನು. ಹಾವಿನ ತಲೆ, ಹೋರಿಯ ಜಗ್ಗು. ಕಚ್ಚಿದ ಕ್ಷಣವೇ ಎತ್ತಬೇಕು. ಆಡಿಸುತ್ತ ಕೂತರೆ ಜೇಕಿನ ಬುಡಕ್ಕೆ ದಾರ ಸುತ್ತಿ ಕೋಲು ಮುರಿಯುತ್ತದೆ. ಒಂದೇ ಮೀನು ನನ್ನ ಎರಡು ಕೋಲು ಮುರಿದಿತ್ತು. ಅದನ್ನು ಹಿಡಿಯದೆ ನನಗೆ ಊಟ ಸೇರದಂತಾಗಿತ್ತು.

ತಾಳಿಕೋಟೆ ಸಂತೆಯಲ್ಲಿ ಬಿಸಿಲಿಗೆ ನಿಂತು ಗಂಡುಬಿದಿರು ಆರಿಸಿದೆ. ಒಳಗೆ ಪೊಳ್ಳಿಲ್ಲದ್ದು, ಭಾರದ್ದು. ಒಂದೊಂದರ ಬುಡ ತುಳಿದು ತುದಿ ಬಗ್ಗಿಸಿ ನೋಡುತ್ತಿದ್ದರೆ ಮಾರುವವ, "ಕನ್ಯಾ ನೋಡಾಕ ಬಂದೀರೋ, ಗಳಾ ಆರಸಾಕ ಬಂದೀರೋ?" ಎಂದ. ಮನೆಯಲ್ಲಿ ಅದನ್ನು ಒಲೆಯ ಹೊಗೆಗೆ ಕಟ್ಟಿದೆ, ಔಡಲ ಎಣ್ಣೆ ಉಣಿಸಿದೆ, ಕಲ್ಲು ತುಂಬಿದ ಬಕೀಟು ಎತ್ತಿಸಿದೆ. ಬಗ್ಗಿತು, ಮುರಿಯಲಿಲ್ಲ. ಬೇಸಿಗೆಗೆ ನೀರಿಳಿಯುವುದನ್ನೇ ಕಾಯತೊಡಗಿದೆ.

ಬೇಸಿಗೆಯಲ್ಲೇ ಅಕ್ಕನ ಮದುವೆ ಬಂತು. ಮುನ್ನಾದಿನ ನಾನು ಹಿಟ್ಟಿನ ಗಿರಣಿಯಿಂದ ಬರುವಷ್ಟರಲ್ಲಿ ಅಪ್ಪನ ತಮ್ಮ, ಭೀಮಾ ಕಾಕಾ, ಕೋಲಿನ ತುದಿ ಕೊಯ್ದು ಮದುವೆಯ ಹಂದರಕ್ಕೆ ಕಂಬವಾಗಿ ನೆಟ್ಟಿದ್ದ. ಅರಿಷಿಣ ಬಳಿದು ಪೂಜೆಯೂ ಆಗಿಹೋಗಿತ್ತು. ಪೂಜೆಯಾದ ಹಂದರದ ಕಂಬವನ್ನು ಯಾರು ಕೀಳುತ್ತಾರೆ?

"ಕಾಕಾ, ಇದೇನ ಮಾಡಿದಿ?"

"ತುದಿ ಅಷ್ಟ ಹೋಗೇತಿ. ದಪ್ಪಂದು ಉಳದೈತಲ್ಲೋ," ಎಂದು ಬೀಡಿ ಹಚ್ಚಿದ.

ತುದಿಯಿಲ್ಲದ ಗಾಳದ ಕೋಲು! ಮದುವೆಯ ದಿನ ನಸುಕಿಗೆ ಹೊಳೆಯ ಹಿನ್ನೀರಿಗೆ ಹೋಗಿ ಆ ಮೀನು ಹಿಡಿದು ಅಕ್ಷತೆಯ ಹೊತ್ತಿಗೆ ಬಂದುಬಿಡಬೇಕೆಂಬ ನನ್ನ ಯೋಚನೆ ಮಣ್ಣುಪಾಲಾಯಿತು. ಮದುವೆಯುದ್ದಕ್ಕೂ ಆ ಕಂಬಕ್ಕೇ ಒರಗಿ ಮುಖ ಗಂಟಿಕ್ಕಿ ನಿಂತೆ. ಆಮೇಲೆ ಮಳೆ ಬಂತು, ನೀರೇರಿತು, ಮೀನು ಎತ್ತಲೋ ಹೋಯಿತು. ಕಾಕಾನ ಜೊತೆ ಮಾತು ಬಿಟ್ಟೆ. ಹಂದರ ಬಿಚ್ಚಿದ ಮೇಲೆ ಆ ಮೋಟು ಗಳವನ್ನು ಅಕ್ಕ ಯಾಕೆ ಗಂಡನ ಮನೆಗೆ ಹೇರಿಕೊಂಡು ಹೋದಳೋ, ಕೇಳಲಿಲ್ಲ.

ಮೊನ್ನೆ ಮತ್ತೆ ಕಾಕಾನನ್ನು ಬೈಯಲು ಶುರುಮಾಡಿದೆ. ಸೀರೆ ಹಿಂಡುತ್ತಿದ್ದ ಅಕ್ಕ ತಿರುಗಿದಳು.

"ಸಾಕ ಬಿಡೋ. ಕಾಕಾಂದು ತಪ್ಪಿಲ್ಲ. ಕೊಯ್ಯಂತ ನಾನ ಹೇಳಿದ್ದೆ."

"ನೀನ?"

"ಹೊಳಿಗೆ ಹ್ವಾದ್ರ ನಿನಗ ಹೊತ್ತಿನ ಖಬರ ಇರತಿತ್ತೇನು? ಅಕ್ಕಿಕಾಳ ಬೀಳೂ ಮುಂದ ನೀ ನನ್ನ ಕಣ್ಣಿಗೆ ಕಾಣಬೇಕಾಗಿತ್ತು. 'ನಿನ್ನ ಹೆಸರ ಹೇಳಬ್ಯಾಡ, ಬೈಗಳಾ ನಾ ತಿಂತೇನಿ' ಅಂದ ಕಾಕಾ. ನೀ ಒರಗಿ ನಿಂತಿದ್ದ ಗಳಾ ಅಂತನ ಇದನ್ನ ಇಲ್ಲಿಗೆ ತಂದೆ."

ಇಷ್ಟು ವರ್ಷ ಸುಮ್ಮನೆ ಕಾಕಾನನ್ನು ಬೈದಿದ್ದೆ. ಸಿಟ್ಟು ಹೋಗಲಿಲ್ಲ, ಅದನ್ನು ಇಡಲು ಜಾಗ ಸಿಗಲಿಲ್ಲ ಅಷ್ಟೆ. ಗಳವನ್ನು ಕಿತ್ತು ಕೈಯಲ್ಲಿ ಹಿಡಿದೆ. ಆಹಾ, ಎಂಥ ಭಾರ! ಮತ್ತೆ ಹಗ್ಗಕ್ಕೆ ಆನಿಸಿಟ್ಟೆ.

"ಕಾಕಾ ಈಗ ಊರಾಗ ಅದಾನೇನು?" ಎಂದು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ.